ಮದ್ದಿನ ಕಾಡಿಗೆ

ಜಯಮ್ಮನ ಕಾಡಿಗೆ ಹಚ್ಚಿದ ಮಗುವಿಗೆ ಕಣ್ಣುಬೇನೆ ಬರುವುದಿಲ್ಲ ಎಂಬ ಮಾತು ತಿರುವನಂತಪುರದ ಕನ್ನಡದ ಮನೆಗಳಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಅಂಥ ಮನೆಗಳು ಊರಿನಲ್ಲಿ ಬಹಳವೇನೂ ಇರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳಿಗೆ, ಬ್ಯಾಂಕುಗಳಿಗೆ ವರ್ಗವಾಗಿ ಬಂದವರು, ಮುಂದಿನ ವರ್ಗದವರೆಗೆ ಎಂದುಕೊಂಡೇ ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದವರು. ಯಾರ ಮನೆಯಲ್ಲಿ ನಾಮಕರಣವಾದರೂ ಜಯಮ್ಮ ಒಂದು ಪುಟ್ಟ ತಗಡಿನ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಬೆಳ್ಳಿ ಲೋಟ ತಂದವರನ್ನು ನಡುಮನೆಯಲ್ಲಿ ಕೂರಿಸುತ್ತಿದ್ದರು. ಜಯಮ್ಮನನ್ನು ನೇರವಾಗಿ ಬಾಣಂತಿಯ ಕೋಣೆಗೆ ಕರೆದೊಯ್ಯುತ್ತಿದ್ದರು. ಸೊಸೆ ನಿರ್ಮಲ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ಕಾಡಿಗೆ ಮಾಡುವ ಕ್ರಮ ಮೈಸೂರಿನಿಂದ ಬಂದದ್ದು. ಚಾಲೈ ಪೇಟೆಯಿಂದ ತಂದ ಹರಳೆಣ್ಣೆಯಲ್ಲಿ ದೀಪ ಹಚ್ಚಿ, ಸೊಪ್ಪಿನ ರಸ ಸವರಿದ ತಾಮ್ರದ ತಟ್ಟೆಯನ್ನು ಅದರ ಮೇಲೆ ಬೋರಲು ಹಾಕಿ, ಹಿಡಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸುವುದು. ಅದಕ್ಕೆ ಹೊಸದಾಗಿ ಸೇರಿದ್ದು ಒಂದೇ, ಅದೂ ಈ ಊರಿಗೆ ಬಂದ ಮೇಲೆ. ಎಪ್ಪತ್ತೊಂದರಲ್ಲಿ ಊರಿಗೆ ಊರೇ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿತ್ತು. ಇಲ್ಲಿನವರು ಅದನ್ನು ಚೆಂಕಣ್ಣು ಎನ್ನುತ್ತಿದ್ದರು. ಜಯಮ್ಮನ ಮಗ ಶ್ರೀಕಂಠ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಡ್ರಾಫ್ಟ್ಸ್‌ಮನ್. ಅವನ ಆಫೀಸಿನ ಡಿಸ್ಪೆನ್ಸರಿಯಲ್ಲಿ ಕಣ್ಣಿಗೆ ಹಾಕುವ ಹಳದಿ ಕ್ಯಾಪ್ಸೂಲುಗಳನ್ನು ಕೊಟ್ಟರು. ತುದಿಯನ್ನು ಸೂಜಿಯಿಂದ ಚುಚ್ಚಿ, ರೆಪ್ಪೆಯೊಳಗೆ ಒಂದಿಷ್ಟು ಮುಲಾಮು ಹಿಂಡಿ, ಮಿಕ್ಕದ್ದನ್ನು ಎಸೆಯಬೇಕು. ಎಸೆಯುವುದು ಜಯಮ್ಮನ ಕೈಲಾಗಲಿಲ್ಲ.

“ಇನ್ನೂ ಅರ್ಧ ಒಳಗೇ ಇದೆಯಲ್ಲೇ! ಬಿಸಾಕೋಕೆ ಇದೇನು ಹಿಂಡಿದ ಹುಣಸೆಹಣ್ಣೇ?” ಎಂದು ಮಿಕ್ಕದ್ದನ್ನು ಕಾಡಿಗೆಯ ಬಟ್ಟಲಿಗೆ ಹಿಂಡಿದರು.

ಚೆಂಕಣ್ಣು ತನ್ನಷ್ಟಕ್ಕೆ ಬಂದಂತೆ ತನ್ನಷ್ಟಕ್ಕೆ ಹೋಯಿತು. ಊರಿನಲ್ಲೆಲ್ಲ ಹಾಗೆಯೇ ಹೋಯಿತು. ಜಯಮ್ಮನ ಮನೆಯಲ್ಲಿ ಮಾತ್ರ ಕಾಡಿಗೆಯಿಂದ ಹೋಯಿತು.

ನಿರ್ಮಲ ಒಂದು ಸಲ ಬಾಯಿಬಿಟ್ಟಿದ್ದಳು. ಬೆಳಗಿನ ಉಪ್ಪಿಟ್ಟಿನ ಹೊತ್ತು. ಜಯಮ್ಮ ಮೊಮ್ಮಗಳು ಸುಮಿತ್ರಳನ್ನು ಮೊಣಕಾಲಿನ ನಡುವೆ ಹಿಡಿದುಕೊಂಡು ಕಣ್ಣಿಗೆ ಕಾಡಿಗೆ ಎಳೆಯುತ್ತಿದ್ದರು. ಹುಡುಗಿ ಬೇಡವೆಂದು ಕೊಸರಾಡುತ್ತಿದ್ದಳು.

“ವೇಂಡ ಅಜ್ಜೀ, ಸ್ಕೂಲಿಲ್ ಕಳಿಯಾಕ್ಕುಂ!”

“ನಗೋರು ನಗಲಿ ಬಿಡು. ನಾಳೆ ಅವರ ಕಣ್ಣು ಅಂಟ್ಕೊಂಡಾಗ ನೀನು ನಗುವಿಯಂತೆ.”

“ಅತ್ತೆ, ಔಷಧಿ ಅಂದ್ರೆ ಕಾಯಿಲೆ ಬಂದಾಗ ಹಾಕೋದು. ದಿನಾ ಹಚ್ಚೋದು ಸರೀನಾ?” ಎಂದಳು ನಿರ್ಮಲ.

“ತಲೆಗೆ ಎಣ್ಣೆ ದಿನಾ ಹಚ್ಚಲ್ವೇನೇ?”

“ಎಣ್ಣೆ ಬೇರೆ, ಇದು ಬೇರೆ. ನಾವು ಬಿ.ಎಸ್ಸಿ.ಲಿ ಓದಿದ್ವಿ, ಈ ಕ್ರಿಮಿಗಳು—”

ಶ್ರೀಕಂಠ ತಟ್ಟೆಯಿಂದ ತಲೆ ಎತ್ತಿದ. “ನಿನ್ನ ಬಿ.ಎಸ್ಸಿ.ನ ನಮ್ಮಮ್ಮನ ಬಟ್ಟಲಿಗೆ ಕಲಸ್ಬೇಡ. ಮಗು ಕಣ್ಣು ನೆಟ್ಟಗಿದೆ ತಾನೆ?”

ಕಣ್ಣು ನೆಟ್ಟಗೇ ಇತ್ತು. ನಿರ್ಮಲ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ಮಾತನ್ನು ಅವಳು ತೆಗೆಯಲಿಲ್ಲ. ದೀಪ ಹಚ್ಚುವ ದಿನ ಗಾಳಿಗೆ ಆರದಂತೆ ಅಡ್ಡ ಕೂರುವವಳೂ ಅವಳೇ ಆದಳು. ಕ್ಯಾಪ್ಸೂಲು ಮುಗಿದರೆ ಶ್ರೀಕಂಠ ಡಿಸ್ಪೆನ್ಸರಿಯ ಕಿಟಕಿಗೆ ಹೋಗಿ, “ಮಗಳ ಕಣ್ಣು ಮತ್ತೆ ಕೆಂಪಾಗಿದೆ” ಎನ್ನುತ್ತಿದ್ದ. ಯಾರೂ ಹುಡುಗಿಯನ್ನು ಕರೆದು ತಾ ಎನ್ನುತ್ತಿರಲಿಲ್ಲ.

ಶ್ರೀಕಂಠನ ತಂಗಿ ಕಮಲಳ ಹೆರಿಗೆಯಾದದ್ದು ಎಪ್ಪತ್ತಮೂರರ ಬೇಸಿಗೆಯಲ್ಲಿ, ಇದೇ ಮನೆಯಲ್ಲಿ. ಹೆಣ್ಣು ಮಗು, ಪ್ರೇಮ ಎಂದು ಹೆಸರಿಟ್ಟರು. ಬಾಣಂತನ ಮುಗಿಸಿ ಕೊಚ್ಚಿಗೆ ಹೊರಟಾಗ ಜಯಮ್ಮ ಖಾರದಪುಡಿ, ಮೆಂತ್ಯದ ಹಿಟ್ಟಿನ ಜೊತೆ ದೊಡ್ಡದೊಂದು ಡಬ್ಬಿ ಕಾಡಿಗೆ ಕಟ್ಟಿದರು. ಕಮಲಳ ಗಂಡ ರಾಮಚಂದ್ರ ಅಲ್ಲಿ ಬ್ಯಾಂಕಿನಲ್ಲಿದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಡಬ್ಬಿ ನೋಡಿ, “ಇಷ್ಟೊಂದರಲ್ಲಿ ಮಗುವಿಗೆ ಮೀಸೇನೂ ಬರೀಬಹುದು ಅತ್ತೆ” ಎಂದಿದ್ದ. ಜಯಮ್ಮ ನಕ್ಕಿದ್ದರು.

ಶಾಲೆಗೆ ಓಣಂ ರಜೆ ಶುರುವಾದ ದಿನ ರಾಮಚಂದ್ರ ಶ್ರೀಕಂಠನ ಆಫೀಸಿಗೆ ಫೋನು ಮಾಡಿದ. ಮಗುವಿನ ಬಲಗಣ್ಣು ಅಂಟಿಕೊಂಡಿದೆ, ಕಮಲ ಹೆದರಿದ್ದಾಳೆ, ಅತ್ತೆಯನ್ನು ಕಳಿಸಿದರೆ ಒಳ್ಳೆಯದು.

“ಅವಳು ಹಚ್ಚೋದು ಬಿಟ್ಟಿರ್ತಾಳೆ. ಸೋಮಾರಿ,” ಎಂದರು ಜಯಮ್ಮ. ಕ್ಯಾಪ್ಸೂಲಿನ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ರೈಲು ಹತ್ತಿದರು.

ಕೊಚ್ಚಿಯ ಎರ್ನಾಕುಲಂನಲ್ಲಿ ಕಮಲಳದು ಮಹಡಿಯ ಬಾಡಿಗೆ ಮನೆ. ಕೆಳಗೆ ಕಾಲುವೆ, ಸಮುದ್ರದ ಇಳಿತದ ಹೊತ್ತಿನಲ್ಲಿ ಅದರ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಇವರು ಮೆಟ್ಟಿಲು ಹತ್ತುವಾಗಲೇ ಮಗುವಿನ ಅಳು ಕೇಳಿಸಿತು. ಹಸಿವಿನ ಅಳುವಲ್ಲ, ಸಣ್ಣಗೆ, ಬಿಡದೆ, ಬೆಕ್ಕಿನ ಮರಿಯಂತೆ. ಬಲಗಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡಿತ್ತು. ಹಳದಿ ಗೀಜು ಕೆನ್ನೆಯ ಮೇಲೆ ಒಣಗಿತ್ತು.

“ಒಂದಿನಾನೂ ತಪ್ಪಿಸಿಲ್ಲಮ್ಮ,” ಎಂದಳು ಕಮಲ. “ನೀನು ಹೇಳಿದ ಹಾಗೆ, ಸ್ನಾನ ಆದ ತಕ್ಷಣ, ಎರಡು ಕಣ್ಣಿಗೂ.”

“ಕೈ ತೊಳ್ಕೊಂಡು ಹಚ್ಚಿದೆಯಾ?”

“ಹೂಂ.”

“ಹಾಗಿದ್ರೆ ಈ ಕಾಲುವೆ ಗಾಳಿ. ಬಾ, ಹಿಡ್ಕೋ. ನಾಳೆ ಹೊತ್ತಿಗೆ ಬಿಡುತ್ತೆ.”

ಬಿಸಿನೀರಲ್ಲಿ ಹತ್ತಿ ಅದ್ದಿ ಕಣ್ಣು ತೊಳೆದು ಕ್ಯಾಪ್ಸೂಲು ಹಿಂಡಿದರು. ಮಾರನೆಯ ದಿನ ಬಿಡಲಿಲ್ಲ. ಅದರ ಮಾರನೆಯ ದಿನ ಗೀಜು ಹೆಚ್ಚಿತು. ಓಣಂ ಊಟಕ್ಕೆ ಕರೆದಿದ್ದ ಕೆಳಗಿನ ಮನೆಯವರು ಬಾಳೆಎಲೆಯಲ್ಲಿ ಕಟ್ಟಿ ಅವಿಯಲ್, ಪಾಯಸ ಕಳಿಸಿದರು. ಯಾರೂ ಸರಿಯಾಗಿ ಉಣ್ಣಲಿಲ್ಲ. ಸುಮಿತ್ರ ಒಬ್ಬಳೇ ಪಾಯಸ ನೆಕ್ಕುತ್ತಾ, ಮಗು ಯಾಕೆ ಒಂದೇ ಕಣ್ಣಲ್ಲಿ ನೋಡುತ್ತದೆ ಎಂದು ಮಲಯಾಳದಲ್ಲಿ ಕೇಳಿದಳು.

“ಸಾಕು ಅತ್ತೆ, ಡಾಕ್ಟರ ಹತ್ರ ಹೋಗೋಣ,” ಎಂದ ರಾಮಚಂದ್ರ.

“ಅವರೂ ಇದನ್ನೇ ಕೊಡೋದು ಕಣಪ್ಪ.”

ಅವರು ಹೇಳಿದ್ದು ನಿಜವಾಯಿತು. ಹತ್ತಿರದ ಡಾಕ್ಟರು ರಜೆಯ ಗಡಿಬಿಡಿಯಲ್ಲಿ ಟಾರ್ಚು ಬಿಟ್ಟು ನೋಡಿ ಒಂದು ಟ್ಯೂಬು ಬರೆದುಕೊಟ್ಟರು. ಮನೆಗೆ ಬಂದು ನಿರ್ಮಲ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದಳು. ಕ್ಯಾಪ್ಸೂಲಿನ ಪೊಟ್ಟಣವನ್ನು ಪಕ್ಕದಲ್ಲಿಟ್ಟು ಮತ್ತೆ ಓದಿದಳು. ಕಂಪನಿ ಬೇರೆ, ಮದ್ದು ಒಂದೇ. ಕಮಲ ಗಂಜಿ ಬಸಿಯುತ್ತಿದ್ದಳು.

“ಏನತ್ತಿಗೆ, ಅಷ್ಟು ಹೊತ್ತಿನಿಂದ ನೋಡ್ತಿದ್ದೀರಿ?”

“ಎಷ್ಟು ಸಲ ಹಾಕ್ಬೇಕು ಅಂತ ನೋಡ್ದೆ,” ಎಂದಳು ನಿರ್ಮಲ.

ವಾರ ಕಳೆಯುವುದರೊಳಗೆ, ಕಿಟಕಿಯ ಬೆಳಕಿನಲ್ಲಿ ಕಮಲ ಮಗುವಿಗೆ ಹಾಲೂಡಿಸುತ್ತಿದ್ದಾಗ, ರೆಪ್ಪೆಯ ಸಂದಿನಲ್ಲಿ ಅದು ಕಾಣಿಸಿತು. ಕಣ್ಣಿನ ಕಪ್ಪಿನ ಮೇಲೆ ಸಾಸಿವೆಯಷ್ಟು ಬಿಳುಪು. ಮೊದಲು ಕಂಡದ್ದು ನಿರ್ಮಲಳಿಗೆ. ಗೀಜು ಇರಬಹುದು ಎಂದು ಹತ್ತಿಯಿಂದ ಒರೆಸಿದಳು. ಹೋಗಲಿಲ್ಲ. ಕಮಲ ಅವಳ ಮುಖವನ್ನೇ ನೋಡುತ್ತಿದ್ದಳು.

“ಏನು?”

“ತಿರುವನಂತಪುರಕ್ಕೆ ಹೋಗೋಣ ಕಮಲ. ಕಣ್ಣಾಸ್ಪತ್ರೆಗೆ. ಇವತ್ತೇ.”

ಆಸ್ಪತ್ರೆಯ ಡಾಕ್ಟರಮ್ಮ ನಡುವಯಸ್ಸಿನವರು, ದನಿ ಎತ್ತರಿಸದ ಹೆಂಗಸು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಸಿ, ರೆಪ್ಪೆ ಬಿಡಿಸಿ ಬಹಳ ಹೊತ್ತು ನೋಡಿದರು. ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಹುಣ್ಣು ನಡುವಿಗೆ ಬಂದರೆ ದೃಷ್ಟಿಗೆ ಅಪಾಯ, ಒಡೆದರೆ ಕಣ್ಣೇ ಹೋಗಬಹುದು ಎಂದರು. ಗಾಜಿನ ಕಡ್ಡಿಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಬೆಳೆದು ಗೊತ್ತಾಗಲು ಸಮಯ ಬೇಕು, ಅಷ್ಟರವರೆಗೆ ಕಾಯುವಂತಿಲ್ಲ.

“ಇದಕ್ಕೆ ಮುಂಚೆ ಮಗುವಿನ ಕಣ್ಣಿಗೆ ಯಾವ ಔಷಧಿ ಹಾಕಿದ್ದೀರಿ?” ಎಂದು ಮಲಯಾಳದಲ್ಲಿ ಕೇಳಿದರು.

ಉತ್ತರ ಕೊಟ್ಟವನು ಶ್ರೀಕಂಠ, ಇಂಗ್ಲಿಷಿನಲ್ಲಿ. ಕೊಚ್ಚಿಯಲ್ಲಿ ಕೊಟ್ಟ ಟ್ಯೂಬು ಮಾತ್ರ, ಅದೂ ನಾಲ್ಕೈದು ದಿನ. ಅದಕ್ಕೆ ಮುಂಚೆ ಏನೂ ಇಲ್ಲ.

ನಿರ್ಮಲ ಅವನ ಹಿಂದೆ ಟವೆಲು ಹಿಡಿದು ನಿಂತಿದ್ದಳು. ಡಾಕ್ಟರಮ್ಮನ ಕಣ್ಣು ಒಂದು ಗಳಿಗೆ ಅವಳ ಕಡೆಗೂ ಬಂತು. ಅವಳು ಟವೆಲನ್ನು ಮಡಿಸಿದಳು.

“ಹಾಗಾದರೆ ಅದೇ ಔಷಧಿಯನ್ನು ಜೋರಾಗಿ ಕೊಡೋಣ, ಗಂಟೆಗೊಮ್ಮೆ. ಮದ್ದಿಗೆ ಹೊಸ ಕಣ್ಣು, ಕಾಯಿಲೆ ಬಗ್ಗಬೇಕು,” ಎಂದರು ಡಾಕ್ಟರಮ್ಮ.

ಕಮಲ ಮಗುವಿನೊಂದಿಗೆ ವಾರ್ಡಿನಲ್ಲಿ ಉಳಿದಳು. ಉಜ್ಜಿಕೊಳ್ಳಬಾರದೆಂದು ಮಗುವಿನ ಕೈಗಳಿಗೆ ಬಟ್ಟೆ ಸುತ್ತಿದ್ದರು. ನಿರ್ಮಲ ಬೆಳಿಗ್ಗೆ ಕ್ಯಾರಿಯರಿನಲ್ಲಿ ತಿಳಿಸಾರು, ಅನ್ನ, ಸುಟ್ಟ ಹಪ್ಪಳ ಒಯ್ಯುವಳು. ಸಂಜೆ ಖಾಲಿ ಕ್ಯಾರಿಯರು, ಒಗೆಯುವ ಬಟ್ಟೆ ತರುವಳು. ಮನೆಯಲ್ಲಿ ಜಯಮ್ಮ ಮಡಿಯುಟ್ಟು ದೇವರ ಮುಂದೆ ಕೂತಿರುತ್ತಿದ್ದರು. ಸುಮಿತ್ರಳಿಗೆ ಕಾಡಿಗೆ ಹಚ್ಚುವುದನ್ನು ನಿಲ್ಲಿಸಿರಲಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ.

“ಇವತ್ತು ಹೇಗಿತ್ತು?” ಎಂದು ಶ್ರೀಕಂಠ ದಿನವೂ ಕೇಳುತ್ತಿದ್ದ.

“ಹಾಗೇ ಇದೆ,” ಎನ್ನುತ್ತಿದ್ದಳು. ಹಾಗೇ ಇರಲಿಲ್ಲ. ಸಾಸಿವೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಗಿತ್ತು.

ಆ ಸಂಜೆ ಅವನು ಬೂಟು ಬಿಚ್ಚುತ್ತಿದ್ದಾಗ ಅವಳು ಎದುರಿಗೆ ಬಂದು ನಿಂತಳು.

“ಡಾಕ್ಟರಿಗೆ ಹೇಳ್ಬೇಕು ರೀ.”

“ಏನಂತ?”

“ಏನಂತ ನಿಮಗೆ ಗೊತ್ತು.”

“ಕಾಡಿಗೆ ಔಷಧೀನಾ? ಕೇಳಿದ್ದು ಔಷಧಿ. ಹೇಳಿದೆ.”

“ಅದರಲ್ಲಿ ಇರೋದು ಔಷಧೀನೇ.”

ಶ್ರೀಕಂಠ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಹೂಂ, ಹೇಳು. ಎರಡು ವರ್ಷದಿಂದ ಮಗಳಿಗೆ ಕಣ್ಣುಬೇನೆ ಅಂತ ಸುಳ್ಳು ಹೇಳಿ ಗುಳಿಗೆ ತಂದೆ ಅಂತ ಹೇಳು. ಆಸ್ಪತ್ರೆಯೋರು ಡಿಸ್ಪೆನ್ಸರೀಗೆ ಕೇಳ್ತಾರೆ, ಅವರು ಆಫೀಸಿಗೆ ಹೇಳ್ತಾರೆ. ಹೊಸ ಹುದ್ದೆಗೆ ನನ್ನ ಹೆಸರು ಹೋಗಿರೋ ಹೊತ್ತಲ್ಲಿ. ಆಮೇಲೆ ಅಮ್ಮಂಗೆ ಹೋಗಿ, ನಿನ್ನಿಂದ ಮಗು ಕಣ್ಣು ಹೋಯ್ತು ಅಂತ ಹೇಳು. ಅವಳು ಬಾವಿ ನೋಡ್ಕೊಳ್ತಾಳೆ. ಹೇಳ್ತೀಯಾ?”

ಒಳಗೆ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ನಿರ್ಮಲ ಹೋಗಿ ಪಾತ್ರೆ ಇಳಿಸಿ, ಬೂದಿ ಹಾಕಿ ಒಲೆಕಟ್ಟೆ ಉಜ್ಜಿದಳು. ರಾತ್ರಿ ಊಟಕ್ಕೆ ಕೂತಾಗ ಜಯಮ್ಮ, “ಏನೋ ಗುಸುಗುಸು ಇತ್ತಲ್ಲ?” ಎಂದರು. “ಏನಿಲ್ಲಮ್ಮ, ಆಫೀಸಿನದು,” ಎಂದ ಶ್ರೀಕಂಠ. ಮೂವರೂ ಹುಳಿಯನ್ನ ಉಂಡರು. ಉಪ್ಪು ಹಾಕಿರಲಿಲ್ಲ. ಯಾರೂ ಉಪ್ಪು ಕೇಳಲಿಲ್ಲ.

ಮಾರನೆಯ ದಿನ ಜಯಮ್ಮ ತಾವೂ ಆಸ್ಪತ್ರೆಗೆ ಬರುತ್ತೇನೆಂದು ಹೊರಟರು. ಕೊಚ್ಚಿಯಿಂದ ರಾಮಚಂದ್ರ ಬಂದಿದ್ದ. ಡಾಕ್ಟರಮ್ಮ ಮಗುವನ್ನು ನೋಡಿ ನೇರವಾಗಿ ನಿಂತರು. ಹಣೆಯಲ್ಲಿ ಗೆರೆ ಮೂಡಿತು.

“ನನಗೆ ಅರ್ಥವಾಗುತ್ತಿಲ್ಲ. ನಾಲ್ಕೈದು ದಿನದ ಟ್ಯೂಬು ಬಿಟ್ಟರೆ ಈ ಔಷಧಿಯ ಪರಿಚಯವೇ ಇಲ್ಲದ ಕಣ್ಣು. ಇಷ್ಟು ಹೊತ್ತಿಗೆ ಇಳಿಯಬೇಕಿತ್ತು. ಮನೆಯಲ್ಲಿ ಶುಚಿ ಹೇಗೆ? ಮಗುವನ್ನು ಯಾರು ಮುಟ್ಟುತ್ತಾರೆ, ಕೈ ತೊಳೆಯುತ್ತಾರಾ?”

ಶುಚಿ ಎಂಬ ಮಾತು ಜಯಮ್ಮನಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ತರಕಾರಿಯವಳೊಂದಿಗೆ, ಹಾಲಿನವನೊಂದಿಗೆ ಜಗಳವಾಡಿ ಕಲಿತ ಮಲಯಾಳದಲ್ಲಿ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು:

“ಶುಚಿಯೆಲ್ಲ ಉಂಡು ಡಾಕ್ಟರೇ. ಮರುನ್ನು ಪುದಿಯದಲ್ಲ. ನಾನು ದಿವಸವುಂ ಇಟ್ಟು!”

ಮದ್ದು ಹೊಸದಲ್ಲ, ದಿನಾ ಹಾಕಿದ್ದೇನೆ ಎಂದ ಹಾಗಾಯಿತು. ಡಾಕ್ಟರಮ್ಮ ತಿರುಗಿದರು. “ಯಾವ ಔಷಧಿ? ದಿನಾ ಅಂದರೆ?”

“ನಿಮ್ಮದೇ. ಹಳದಿ ಗುಳಿಗೆ. ಕಾಡಿಗೇಲಿ ಕಲಸಿ. ಹೆಸರಿಟ್ಟ ದಿನದಿಂದ ಒಂದು ದಿನ ತಪ್ಪಿಲ್ಲ. ನಿಮ್ಮ ಔಷಧೀನ ಇಷ್ಟು ಶ್ರದ್ಧೆಯಿಂದ ಹಾಕಿದೋರು ಇನ್ಯಾರಿದ್ದಾರೆ? ಹೀಗಿರುವಾಗ ಕಾಯಿಲೆ ಹೇಗೆ ಬಂತು, ನೀವೇ ಹೇಳಿ!” ಮಲಯಾಳ ಮುಗಿದು ಕನ್ನಡವಾಗಿತ್ತು. ಮಗನ ತೋಳು ಹಿಡಿದು ಅಲ್ಲಾಡಿಸಿದರು. “ಹೇಳೋ ಇವರಿಗೆ. ನಾವೇನು ಕೊಳಕರೇ?”

ಶ್ರೀಕಂಠ ನೆಲ ನೋಡುತ್ತಿದ್ದ. ಹೇಳಿದವಳು ನಿರ್ಮಲ. ಅತ್ತೆಯ ಮಾತನ್ನು ಒಂದೊಂದಾಗಿ, ಏನೂ ಬಿಡದೆ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಪಕ್ಕದ ಹಾಸಿಗೆಯ ಮೇಲೆ ಕೂತುಬಿಟ್ಟರು. ದಿನಾ ಚೂರು ಚೂರು ಮದ್ದು ಬಿದ್ದರೆ ಬಲವಿಲ್ಲದ ಕ್ರಿಮಿ ಸಾಯುತ್ತದೆ, ಬಲವಿದ್ದದ್ದು ಉಳಿದು ಸಂತಾನ ಬೆಳೆಸುತ್ತದೆ ಎಂದರು. ಈ ಕಣ್ಣಿನಲ್ಲಿ ಈಗ ಇರುವುದೆಲ್ಲ ಅದೇ ಸಂತಾನ ಇರಬಹುದು. ಗಂಟೆಗೊಮ್ಮೆ ತಾನು ಹಾಕಿಸಿದ ಮದ್ದನ್ನು ಅದು ನೀರಿನ ಹಾಗೆ ಸಹಿಸಿಕೊಂಡಿದೆ.

“ಬಂದ ದಿನವೇ ಇದನ್ನು ಹೇಳಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ,” ಎಂದರು. ಶ್ರೀಕಂಠನನ್ನು ನೋಡಿ ಹೇಳಿದರು. ಆಮೇಲೆ ನಿರ್ಮಲಳನ್ನೂ ನೋಡಿದರು.

ಅವರು ಹೋದ ಮೇಲೆ ಕಮಲ ಮಗುವನ್ನು ಹೆಗಲಿಗೆ ಹಾಕಿಕೊಂಡಳು.

“ಅತ್ತಿಗೆ, ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಕೊಚ್ಚಿಯಲ್ಲಿ ಟ್ಯೂಬು ಹಿಡ್ಕೊಂಡು ನಿಂತಿದ್ರಲ್ಲ, ಆವಾಗಲೂ?”

“ಆವಾಗಲೂ.”

ಅಂದಿನಿಂದ ಕಮಲ, ನಿರ್ಮಲ ತಂದ ಕ್ಯಾರಿಯರನ್ನು ತೆಗೆದುಕೊಳ್ಳುತ್ತಿದ್ದಳು, ಉಣ್ಣುತ್ತಿದ್ದಳು, ತೊಳೆದು ಕೊಡುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ.

ಪರೀಕ್ಷೆಯ ಫಲ ಬಂತು. ಹಳದಿ ಗುಳಿಗೆಯ ಮದ್ದು ನಾಟುವುದಿಲ್ಲ. ಸಾಮಾನ್ಯವಾಗಿ ಕೊಡುವ ಇನ್ನೆರಡೂ ನಾಟುವುದಿಲ್ಲ. ಹೊಸದಾಗಿ ಬಂದ ಒಂದು ಇಂಜೆಕ್ಷನ್ನಿದೆ, ಅದನ್ನೇ ತೆಳುಮಾಡಿ ಹನಿ ಹಾಕಬಹುದು, ಎಲ್ಲಾದರೂ ಸಿಕ್ಕರೆ ತನ್ನಿ ಎಂದರು ಡಾಕ್ಟರಮ್ಮ. ರಾಮಚಂದ್ರ ಕೊಚ್ಚಿಗೆ ವಾಪಸು ಹೋಗಿ ಅಂಗಡಿ ಅಂಗಡಿ ತಿರುಗಿದ. ಬ್ಯಾಂಕಿನ ಗಿರಾಕಿಗಳನ್ನು, ಬಂದರಿನ ಏಜೆಂಟರನ್ನು ಕೇಳಿದ. ಸಿಕ್ಕಿತು. ಅಷ್ಟರಲ್ಲಿ ದಿನಗಳು ಹೋಗಿದ್ದವು.

ಹೊಸ ಹನಿ ಕೆಲಸ ಮಾಡಿತು. ಕೀವು ನಿಂತಿತು, ಬಾವು ಇಳಿಯಿತು, ಮಗು ಅಳು ನಿಲ್ಲಿಸಿ ನಿದ್ದೆ ಮಾಡಿತು. ಕಣ್ಣು ಒಡೆಯಲಿಲ್ಲ. ರೆಪ್ಪೆ ಪೂರ್ತಿ ತೆರೆದ ದಿನ ಎಲ್ಲರೂ ಹಾಸಿಗೆಯ ಸುತ್ತ ನಿಂತಿದ್ದರು. ಡಾಕ್ಟರಮ್ಮ ಎಡಗಣ್ಣನ್ನು ಮುಚ್ಚಿ ಬಲಗಣ್ಣಿನ ಮುಂದೆ ಕೆಂಪು ಗಿಲಕಿಯನ್ನು ಸದ್ದಾಗದಂತೆ ಆಚೀಚೆ ಆಡಿಸಿದರು. ಕಣ್ಣು ಹಿಂಬಾಲಿಸಲಿಲ್ಲ. ಕರಿಗುಡ್ಡೆಯ ನಡುವೆ ಬಿಳಿಯ ಹೂ ಬಿದ್ದಿತ್ತು. ಟಾರ್ಚು ಬಿಟ್ಟರೆ ಮುಖ ಸಿಂಡರಿಸಿತು, ಅಷ್ಟೆ.

“ಬೆಳಕು ತಿಳಿಯುತ್ತದೆ. ದೊಡ್ಡವಳಾದ ಮೇಲೆ ಆಪರೇಷನ್ ಮಾಡಬಹುದೋ ಏನೋ. ಮಾತು ಕೊಡಲಾರೆ,” ಎಂದರು ಡಾಕ್ಟರಮ್ಮ.

“ಎಡಗಣ್ಣು ಉಳೀತಲ್ಲ ಕಮಲ,” ಎಂದ ಶ್ರೀಕಂಠ. “ಅದೇ ದೊಡ್ಡದು.”

ಕಮಲ ಅಣ್ಣನನ್ನು ನೋಡಿದಳು. “ಎಲ್ಲರೂ ಅದನ್ನೇ ಹೇಳ್ತಾರೆ. ನನಗೆ ಎರಡು ಕಣ್ಣಿನ ಮಗು ಹುಟ್ಟಿತ್ತು.”

ಜಯಮ್ಮ ಕೈ ಚಾಚಿದರು, ಮಗು ಎತ್ತಿಕೊಳ್ಳಲು. ಕಮಲ ಕೊಡಲಿಲ್ಲ. ಒರಟಾಗಿಯೂ ತಿರುಗಲಿಲ್ಲ, ಮಗುವಿನ ಟೋಪಿ ಸರಿಮಾಡುವವಳಂತೆ ಸ್ವಲ್ಪ ಪಕ್ಕಕ್ಕೆ ಸರಿದಳು. ಚಾಚಿದ ಕೈಯನ್ನು ಜಯಮ್ಮ ಹಾಸಿಗೆಯ ಕಂಬಿಯ ಮೇಲೆ ಇಟ್ಟುಕೊಂಡರು. ಕಮಲ, ರಾಮಚಂದ್ರ ಮಗುವಿನೊಂದಿಗೆ ಆಸ್ಪತ್ರೆಯಿಂದಲೇ ಕೊಚ್ಚಿಗೆ ಹೊರಟುಹೋದರು.

ಅವರು ಹೊರಡುವ ಮುಂಚೆ ಡಾಕ್ಟರಮ್ಮ ನಿರ್ಮಲಳನ್ನು ಪಕ್ಕಕ್ಕೆ ಕರೆದು, ಆ ಕಾಡಿಗೆ ಬೇರೆ ಯಾರ ಮನೆಗಾದರೂ ಹೋಗಿದೆಯೇ ಎಂದು ಕೇಳಿದ್ದರು. ನಿರ್ಮಲ ತಡಮಾಡದೆ ಹೌದು ಎಂದಳು. ಮನೆಗೆ ಬಂದು ಅತ್ತೆಗೆ ಹೇಳಿದಳು. ಜಯಮ್ಮ ಆ ದಿನ ಬಟ್ಟಲು, ಡಬ್ಬಿ, ತಟ್ಟೆ ಎಲ್ಲವನ್ನೂ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದ್ದರು. ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು.

“ನೀನು ಮೊದಲೇ ಹೇಳಿದ್ದೆ.”

“ಒಂದೇ ಸಲ ಹೇಳಿದ್ದು ಅತ್ತೆ.”

“ಹೂಂ. ಇನ್ನೊಂದು ಸಲ ಜಗಳ ಆಡಿಯಾದ್ರೂ ಹೇಳ್ಬೇಕಿತ್ತು.” ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿಕೊಳ್ಳುತ್ತಾ, “ಆಡಿದ್ರೆ ಬಾಯಿ ಮುಚ್ಚಿಸ್ತಿದ್ದೆ ಬಿಡು,” ಎಂದರು. ಆಮೇಲೆ ಎದ್ದು ಸೀರೆ ಬದಲಿಸಿದರು. “ನಡಿ. ಹೋಗಿ ಬರೋಣ.”

ಶ್ರೀಕಂಠ ಬಾಗಿಲಲ್ಲಿ ಅಡ್ಡ ನಿಂತ. “ಮನೆಮನೆಗೆ ಹೋಗಿ ಮಾನ ಕಳ್ಕೋತೀಯೇನಮ್ಮ? ಆಫೀಸಿಗೆಲ್ಲ ಗೊತ್ತಾಗುತ್ತೆ.”

“ಸರಿ ಕಣೋ, ಗೊತ್ತಾಗಲಿ,” ಎಂದು ಜಯಮ್ಮ ಚಪ್ಪಲಿ ಮೆಟ್ಟಿದರು.

ಮೊದಲ ಮನೆಯವರು ಡಬ್ಬಿ ಎಲ್ಲೋ ಕಳೆದಿದೆ ಎಂದು ಕಾಫಿ ಕೊಟ್ಟರು. ಎರಡನೆಯ ಮನೆಯಲ್ಲಿ ಡಬ್ಬಿ ಸಿಕ್ಕಿತು, ಆದರೆ ಅಜ್ಜಿಯೊಬ್ಬರು, “ನಿಮ್ಮ ಮೊಮ್ಮಗಳಿಗೆ ಹೀಗಾಯ್ತು ಅಂತ ನಮ್ಮ ಮಗೂಗೂ ಆಗ್ಬೇಕು ಅಂತೀರಾ ಜಯಮ್ಮ?” ಎಂದು ಮುಖ ಬಿಗಿದರು. ಇನ್ನೊಂದು ಮನೆಯಲ್ಲಿ, ಕೊಟ್ಟದ್ದನ್ನು ವಾಪಸು ಕೇಳುವ ಪದ್ಧತಿ ಮೈಸೂರಿನ ಕಡೆ ಇದೆಯೇನೋ ಎಂದು ನಕ್ಕರು. ಜಯಮ್ಮ ಪ್ರತಿ ಮನೆಯಲ್ಲೂ ಅದೇ ಮಾತನ್ನು ಮೊದಲಿನಿಂದ ಹೇಳಿದರು. ಹೇಳುತ್ತಾ ಹೇಳುತ್ತಾ ಮಾತು ಚಿಕ್ಕದಾಗುತ್ತಾ ಬಂತು.

ಕೃಷ್ಣಾನಂದ ಶ್ರೀಕಂಠನ ಆಫೀಸಿನವನು, ಕಾಸರಗೋಡಿನ ಕಡೆಯವನು. ಅವನ ಹೆಂಡತಿ ರತ್ನ ಅಂಗಳದಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದಳು.

“ಓ, ಜಯಮ್ಮನವರಾ! ಬನ್ನಿ ಬನ್ನಿ. ನಾನೇ ಬರುವಾ ಅಂತ ಇದ್ದೆ. ಇವನ ಕಣ್ಣಲ್ಲಿ ನಿನ್ನೆಯಿಂದ ಸ್ವಲ್ಪ ಪಿಸುರು. ಮದ್ದಿನ ಕಾಡಿಗೆ ಎರಡೆರಡು ಸರ್ತಿ ಹಾಕ್ತಾ ಇದ್ದೇನೆ, ಆದ್ರೂ ಕಡಿಮೆ ಇಲ್ಲ, ಎಂತ ಮಾಡುದು?”

“ಆ ಡಬ್ಬಿ ಕೊಡಮ್ಮ ಇಲ್ಲಿ.”

“ನೀವು ಕೊಟ್ಟದ್ದು ಮುಗಿದು ಎಷ್ಟು ಕಾಲ ಆಯ್ತು! ನೀವು ಮಾಡುವಾಗ ನೋಡಿದ್ದೆ ಅಲ್ವಾ, ಈಗ ನಾನೇ ಮಾಡುದು. ಗುಳಿಗೆ ಇವರು ಆಫೀಸಿನಿಂದ ತರ್ತಾರೆ. ಪಕ್ಕದ ಮನೆ ಚೇಚಿಗೂ ಹೇಳಿಕೊಟ್ಟೆ, ಅವರು ಕಣ್ಮಷಿಯಲ್ಲಿ ಹಾಕ್ತಾರೆ. ಅವರ ತಂಗಿಗೂ ಕೊಟ್ಟಿದ್ದಾರೆ, ಕೊಲ್ಲಂನಲ್ಲಿ.”

ನಿರ್ಮಲ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಇಷ್ಟು ವಾರಗಳಲ್ಲಿ ಕಾಣದಿದ್ದ ಭಯ ಈಗ ಕಂಡಿತು.

“ಮಗೂನ ಎತ್ಕೋ ರತ್ನ,” ಎಂದರು ಜಯಮ್ಮ. “ಆಸ್ಪತ್ರೆಗೆ ಹೋಗೋಣ. ಈಗಲೇ.”

“ಅಯ್ಯೋ, ಪಿಸುರಿಗೆ ಆಸ್ಪತ್ರೆಯಾ? ಇವರು ಊಟಕ್ಕೆ ಬರುವ ಹೊತ್ತು.”

“ಬರಲಿ. ಎತ್ಕೋ. ಡಾಕ್ಟರು ಕೇಳಿದ್ರೆ ನಾನೇ ಹೇಳ್ತೀನಿ, ನೀನು ಏನೂ ಮುಚ್ಚಿಡಬೇಡ.”

ಆ ದನಿಗೆ ರತ್ನಳ ನಗು ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಬಿಟ್ಟು ಒಳಗೆ ಓಡಿ ಮಗುವನ್ನು ಎತ್ತಿಕೊಂಡು ಬಂದಳು. ಗೇಟಿನವರೆಗೆ ಹೋದವಳು ನಿಂತು ಕೇಳಿದಳು:

“ಅಮ್ಮ, ಅಲ್ಲಿ ಇದಕ್ಕೆ ಮದ್ದು ಉಂಟಲ್ವಾ?”

“ಒಂದಿದೆ ಕಣಮ್ಮ,” ಎಂದರು ಜಯಮ್ಮ. ಮಗುವಿನ ತಲೆಗೆ ಬಿಸಿಲು ಬೀಳದಂತೆ ತಮ್ಮ ಸೆರಗನ್ನು ಅಡ್ಡ ಹಿಡಿದರು. “ಸದ್ಯಕ್ಕೆ ಇದೆ.”

ಅವರಿಬ್ಬರೂ ಬಸ್ಸಿನ ರಸ್ತೆಗೆ ತಿರುಗಿದರು. ನಿರ್ಮಲ ಹಿಂದೆ ಉಳಿದಳು. ಬೇಲಿಯ ಆಚೆ ಪಕ್ಕದ ಮನೆಯವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಏನು ಗಲಾಟೆ ಎಂದು ನೋಡುತ್ತಾ ನಿಂತಿದ್ದಳು. ಗುಂಡುಗುಂಡಾದ ಮಗು. ದಪ್ಪಗೆ ಕಪ್ಪು ತೀಡಿದ ಕಣ್ಣುಗಳು ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದವು. ಒಂದಿಷ್ಟೂ ಗೀಜಿಲ್ಲ, ಕೆಂಪಿಲ್ಲ. ನಿರ್ಮಲಳಿಗೆ ಹೆದರಿಕೆಯಾದದ್ದು ಅದನ್ನು ಕಂಡೇ. ಇಂಥ ಕಣ್ಣಿನ ತಾಯಿ ತನ್ನ ಮಾತನ್ನು ಯಾಕೆ ನಂಬಿಯಾಳು?

“ಎಂದಾ ಚೇಚೀ?” ಏನಕ್ಕ ಎಂದು ಅವಳು ನಗುತ್ತಾ ಕೇಳಿದಳು.

ನಿರ್ಮಲ ಬೇಲಿಯ ಹತ್ತಿರ ಹೋದಳು. ತನಗೆ ಬರುವ ಅಷ್ಟಿಷ್ಟು ಮಲಯಾಳದಲ್ಲಿ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಆದರೂ ಶುರು ಮಾಡಿದಳು.